ನೀರು ಕಳಿಸಿ, ನೊರೆ ಬೇಡ: ಬೆಂಗಳೂರಿನ ಪೂರ್ವದ ಮನೆಗಳಿಗೆ ಹೊಸೂರಿನಿಂದ ಒಂದು ಬಹಿರಂಗ ಪತ್ರ

ಬೆಳ್ಳಂದೂರು, ವರ್ತೂರು, ಮಾರತಹಳ್ಳಿ, ಕೋರಮಂಗಲ, ಸರ್ಜಾಪುರ ರಸ್ತೆಯ ಅಣ್ಣಂದಿರೇ, ಅಕ್ಕಂದಿರೇ,

ನಮಸ್ಕಾರ. ನಾನು ಹೊಸೂರು ತಾಲೂಕಿನವಳು. ಜಿಲ್ಲೆ ಕೃಷ್ಣಗಿರಿ, ರಾಜ್ಯ ತಮಿಳುನಾಡು. ಮನೆಮಾತು ಕನ್ನಡ, ಓದಿದ್ದು ಕನ್ನಡ ಶಾಲೆಯಲ್ಲಿ, ರೇಷನ್ ಕಾರ್ಡು ತಮಿಳಿನಲ್ಲಿ. ದಕ್ಷಿಣ ಪಿನಾಕಿನಿ ದಂಡೆಯಲ್ಲಿ ನಮಗೆ ಎರಡೂವರೆ ಎಕರೆ ಜಮೀನಿದೆ. ಕೊತ್ತಂಬರಿ, ಎಲೆಕೋಸು, ಚೆಂಡುಹೂವು ಬೆಳೆಯುತ್ತೇವೆ. ಇಲ್ಲಿ ನದಿಯ ಹೆಸರು ತೆನ್‌ಪೆಣ್ಣೈ. ನಮ್ಮ ಮನೆಯಲ್ಲಿ ಮಾತ್ರ ಸುಮ್ನೆ ಹೊಳೆ ಅಂತೀವಿ.

ನಿಮಗೂ ನನಗೂ ಪರಿಚಯ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಪುಡಿಯ ವಾಸನೆ ನನಗೆ ಚೆನ್ನಾಗಿ ಗೊತ್ತು.

ಹೋದ ಮಳೆಗಾಲದ ಒಂದು ಬೆಳಗ್ಗೆ ಹೇಳ್ತೀನಿ ಕೇಳಿ. ನಮ್ಮೂರಿಂದ ಮುಖ್ಯರಸ್ತೆಗೆ ಹೋಗೋಕೆ ಹೊಳೆಗೆ ಅಡ್ಡವಾಗಿ ಒಂದು ತಗ್ಗು ಸೇತುವೆ ಇದೆ. ಇಲ್ಲಿ ತರೈಪಾಲಂ ಅಂತಾರೆ. ಪಕ್ಕದಲ್ಲಿ ತಡೆಗೋಡೆ ಇಲ್ಲ, ಕಲ್ಲು ನೆಟ್ಟಿದ್ದರು, ಅದೂ ಅರ್ಧ ಬಿದ್ದಿದೆ. ರಾತ್ರಿ ಬೆಂಗಳೂರು ಕಡೆ ಜೋರು ಮಳೆಯಾಗಿತ್ತು. ಬೆಳಗ್ಗೆ ಆರೂವರೆಗೆ ನಾನು ಸೊಪ್ಪಿನ ಕಟ್ಟು ಹಿಡಿದು ಹೋದರೆ ಸೇತುವೆಯೇ ಇಲ್ಲ. ಬಿಳೀ ಹತ್ತಿ ರಾಶಿ ಹಾಕಿದ ಹಾಗೆ ನೊರೆ. ನನ್ನ ಎದೆಯ ಮಟ್ಟಕ್ಕೆ ಇತ್ತು. ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಹುಡುಗ ಬೈಕು ನಿಲ್ಲಿಸಿ ಹಾರ್ನ್ ಹೊಡೀತಾ ನಿಂತಿದ್ದ, ಎಮ್ಮೆ ಅಡ್ಡ ಬಂದ ಹಾಗೆ. ನಮ್ಮ ಮೈದುನ ಅವಸರದವನು. ನುಗ್ಗಿಸಿದ. ಅಂಚು ಎಲ್ಲಿದೆ ಅಂತ ಕಾಣಲಿಲ್ಲ, ಮುಂದಿನ ಚಕ್ರ ಕೆಳಗಿಳಿಯಿತು. ನೀರು ಕಮ್ಮಿ ಇದ್ದ ಕಡೆ ಬಿದ್ದಿದ್ದಕ್ಕೆ ಮೊಣಕಾಲು ತರಚಿದ್ದಷ್ಟೇ. ಆದರೆ ಮೈಯೆಲ್ಲ ಎರಡು ದಿನ ಕಡಿತ. ಮೂಗಿಗೆ ಮೊದಲು ಸೋಪಿನ ವಾಸನೆ ಬರುತ್ತದೆ, ಅದರ ಹಿಂದೆಯೇ ಕೊಳೆತ ಮೊಟ್ಟೆಯದ್ದು.

ಗಾಳಿ ಬೀಸಿದರೆ ನೊರೆ ಉಂಡೆ ಉಂಡೆಯಾಗಿ ಎದ್ದು ಹೊಲಕ್ಕೆ ಬಂದು ಕೂರುತ್ತದೆ. ಎಲೆಕೋಸಿನ ಮೇಲೆ ಕೂತು, ಬಿಸಿಲಿಗೆ ಒಣಗಿ, ತಳ ಹಿಡಿದ ಪಾತ್ರೆಯ ಮಸಿ ಹಾಗೆ ಕಪ್ಪು ಪೊರೆ ಉಳಿಯುತ್ತದೆ. ಬೆರಳಲ್ಲಿ ಉಜ್ಜಿದರೆ ಜಿಡ್ಡು. ಆ ಎಲೆ ಕಿತ್ತು ಬಿಸಾಕಿ, ಒಳಗಿನ ಗೆಡ್ಡೆ ಮಾರುತ್ತೇವೆ. ಎಲ್ಲಿಗೆ ಅಂತ ಕೇಳಬೇಡಿ, ಹೊಸೂರಿನ ತರಕಾರಿ ಯಾವ ಊರಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. ಹೆದರಿಸೋಕೆ ಹೇಳಿದ್ದಲ್ಲ. ಲೆಕ್ಕ ಒಪ್ಪಿಸಬೇಕಲ್ವಾ.

ಈ ನೀರು ನಮ್ಮ ತನಕ ಬರುವ ದಾರಿ ನಿಮ್ಮಲ್ಲಿ ಸುಮಾರು ಜನಕ್ಕೆ ತಿಳಿದಿಲ್ಲ. ನನಗೂ ಹತ್ತು ವರ್ಷದ ಹಿಂದೆ ಗೊತ್ತಿರಲಿಲ್ಲ. ಹೊಳೆ ಹುಟ್ಟುವುದು ನಂದಿಬೆಟ್ಟದ ಕಡೆ, ಹೊಸಕೋಟೆ ಕೆರೆ ದಾಟಿ ಇಳಿಯುತ್ತದೆ, ಮುಂದೆ ತಮಿಳುನಾಡು ಸೇರಿ ಕಡಲೂರಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. ಬೆಂಗಳೂರಿನ ಮಾತು ಆ ಪಾಠದಲ್ಲಿ ಇರಲೇ ಇಲ್ಲ. ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೆ, ಅದರ ಕೋಡಿ ವರ್ತೂರು ಕೆರೆಗೆ, ವರ್ತೂರಿನ ಕೋಡಿ ಪಿನಾಕಿನಿಗೆ. ಹೆಬ್ಬಾಳದ ಕಡೆಯದ್ದೂ ಎಲೆಮಲ್ಲಪ್ಪ ಶೆಟ್ಟಿ ಕೆರೆ ಮುಖಾಂತರ ಇದೇ ಹೊಳೆಗೆ ಬರುತ್ತದೆ. ಆಮೇಲೆ ಬಾಗಲೂರು ಕಡೆ ಗಡಿ ದಾಟಿ ನಮ್ಮ ಕೆಲವರಪಳ್ಳಿ ಅಣೆಕಟ್ಟೆಗೆ. ಅಲ್ಲಿಂದ ಎಡ ಬಲ ಕಾಲುವೆಯಲ್ಲಿ ಸುಮಾರು 8,000 ಎಕರೆಗೆ.

ಇನ್ನೊಂದು ತಮಾಷೆ ಇದೆ. ನಿಮ್ಮ ನಲ್ಲಿಯ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. 1974ರಲ್ಲಿ ಶುರುವಾದದ್ದು. ಅದು ನಿಮ್ಮ ಪಾತ್ರೆ ತೊಳೆದು, ಬಟ್ಟೆ ಒಗೆದು, ವಾಪಸ್ ಕಾವೇರಿಗೆ ಹೋಗಲ್ಲ. ಪೂರ್ವಕ್ಕೆ ಇಳಿದು ನಮ್ಮೂರಿಗೆ ಬರುತ್ತದೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಆದಾಗ ಟಿಎನ್ ನಂಬರಿನ ಗಾಡಿ ಅತ್ತಿಬೆಲೆ ದಾಟುವ ಹಾಗಿರಲಿಲ್ಲ. ನಮ್ಮ ಟಿಎನ್ 70 ಸ್ಕೂಟರಿನ ಮೇಲೆ ಕನ್ನಡದಲ್ಲೇ ದೇವರ ಹೆಸರು ಬರೆಸಿದ್ದರೂ ಮನೆಯಿಂದ ಆಚೆ ತೆಗೆಯಲಿಲ್ಲ. ತಮಿಳುನಾಡಿಗೆ ಒಂದು ಹನಿ ಕಾವೇರಿ ಬಿಡಲ್ಲ ಅಂತ ಅಲ್ಲಿ ಕೂಗ್ತಾ ಇದ್ದರು. ಆ ದಿನವೂ ಬೆಳ್ಳಂದೂರಿನ ಕಡೆಯಿಂದ ಕಾವೇರಿ ಬರ್ತಾನೇ ಇದ್ದಳು, ನೊರೆ ಸಮೇತ.

ಬೆಳ್ಳಂದೂರಿನ ನೊರೆ ರಸ್ತೆಗೆ ಬಂದಾಗ ಊರಿಗೆಲ್ಲ ಸುದ್ದಿಯಾಯಿತು. 2015ರಲ್ಲಿ ಕೆರೆಯ ಮೇಲೆ ಬೆಂಕಿ ಕಂಡಾಗ, 2018ರ ಜನವರಿಯಲ್ಲಿ ಮತ್ತೆ ಹತ್ತಿ ಸೈನಿಕರು ಇಳಿದು ಆರಿಸಿದಾಗ ಟೀವಿಯವರೆಲ್ಲ ಬಂದರು. ಅದೇ ವರ್ಷ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಕರ್ನಾಟಕ ಸರ್ಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಕೆರೆಯ ಹೂಳೆತ್ತುವ ಕೆಲಸ ಶುರುವಾಯಿತು. ಸಂತೋಷ. ಆದರೆ ಹೂಳೆತ್ತಬೇಕು ಅಂದರೆ ಕೆರೆ ಖಾಲಿ ಮಾಡಬೇಕು, ಕೊಳಚೆ ಮಾತ್ರ ನಿಲ್ಲಲ್ಲವಲ್ಲ. ಬದಿಯಲ್ಲಿ ಕಾಲುವೆ ತೋಡಿ ಅದನ್ನು ಹಾಗೇ ಮುಂದಕ್ಕೆ ಬಿಟ್ಟರು. ಮುಂದಕ್ಕೆ ಅಂದರೆ ಯಾವ ಊರಿಗೆ ಅಂತ ಯಾರೂ ಕೇಳಲಿಲ್ಲ. ಮೊದಲು ಕೆರೆಯಲ್ಲಿ ಹತ್ತು ಹದಿನೈದು ದಿನ ನಿಂತು ಸ್ವಲ್ಪನಾದರೂ ತಿಳಿಯಾಗಿ ಬರುತ್ತಿತ್ತು.

ನನಗೆ ಇದೆಲ್ಲ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ನಮ್ಮ ಅಕ್ಕನ ಮಗ ನಿಮ್ಮ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ ಆಪರೇಟರ್. ಎಸ್‌ಟಿಪಿ ಅಂದರೆ ಕಟ್ಟಡದ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ. ನಿಮ್ಮ ಕಾರು ನಿಲ್ಲುವ ಜಾಗಕ್ಕಿಂತ ಒಂದು ಮಹಡಿ ಕೆಳಗೆ, ಕಿಟಕಿ ಇಲ್ಲದ ರೂಮಿನಲ್ಲಿ ರಾತ್ರಿ ಪಾಳಿ. ಒಂದು ಸಲ ಅವನ ಜೊತೆ ಹೋಗಿ ನೋಡಿದೆ. ದೊಡ್ಡ ತೊಟ್ಟಿ, ಅದರ ತಳದಿಂದ ಗಾಳಿ ಗುಳುಗುಳು ಅಂತ ಮೇಲೆ ಬರ್ತಾ ಇತ್ತು.

"ಇದರಲ್ಲಿ ಕಣ್ಣಿಗೆ ಕಾಣದ ಹುಳ ಇದ್ದಾವೆ ಚಿಕ್ಕಮ್ಮ. ಕೊಳಕು ತಿನ್ನೋದು ಅವೇ. ಮಿಷಿನ್ ತಿನ್ನಲ್ಲ."

"ಹುಳ ಎಲ್ಲಿಂದ ತಂದ್ರಿ?"

"ಶುರು ಮಾಡುವಾಗ ಸಗಣಿ ಕದಡಿ ಹಾಕ್ತೀವಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ."

ಅದು ನನಗೆ ಚೆನ್ನಾಗಿ ಅರ್ಥವಾಯಿತು. ಅವನ ಹತ್ತಿರ ಒಂದು ಲೀಟರಿನ ಗಾಜಿನ ಜಾಡಿ ಇದೆ. ಬೆಳಗ್ಗೆ ಐದಕ್ಕೆ ತೊಟ್ಟಿಯ ನೀರು ತುಂಬಿಸಿ ಅರ್ಧ ಗಂಟೆ ಇಡುತ್ತಾನೆ. ಹುಳ ಆರೋಗ್ಯವಾಗಿದ್ದರೆ ರಾಗಿ ಅಂಬಲಿ ಬಣ್ಣದ ಕೆಸರು ಕೆಳಗೆ ಕೂತು, ಮೇಲೆ ತಿಳಿನೀರು ನಿಲ್ಲುತ್ತದೆ. ಮೂಗಿನ ಹತ್ತಿರ ಹಿಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಸತ್ತಿದ್ದರೆ ಕೆಸರು ಕಪ್ಪಗಿರುತ್ತದೆ, ಸರಿಯಾಗಿ ಕೂರಲ್ಲ, ನಾರುತ್ತದೆ.

ಸಾಯೋದು ಯಾಕೆ? ಗಾಳಿ ಊದುವ ಬ್ಲೋವರ್ ನಿಲ್ಲಿಸಿದ್ದಕ್ಕೆ. ಕರೆಂಟ್ ಬಿಲ್ ಜಾಸ್ತಿ ಬರುತ್ತೆ, ರಾತ್ರಿ ಸದ್ದಾಗುತ್ತೆ, ಒಂದನೇ ಮಹಡಿಯವರಿಗೆ ನಿದ್ದೆ ಬರಲ್ಲ. ಅಸೋಸಿಯೇಷನ್ ಮೀಟಿಂಗಿನಲ್ಲಿ ಮಾತಾಡಿ, ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಆಫ್ ಮಾಡಿ ಅಂತ ಹೇಳಿದರಂತೆ. ಕೆಲವು ಗಂಟೆ ಗಾಳಿ ಇಲ್ಲದಿದ್ದರೆ ಹುಳ ಸಾಯೋಕೆ ಶುರು. ಮತ್ತೆ ಹೆಪ್ಪು ಹಿಡಿಯೋಕೆ ದಿನಗಟ್ಟಲೆ ಬೇಕು. ಅಷ್ಟು ದಿನ ತೊಟ್ಟಿಗೆ ಬಂದದ್ದು ಬಂದ ಹಾಗೇ ರಾಜಕಾಲುವೆಗೆ. ಹುಡುಗ ಒಳ್ಳೆಯವನು, ಹೇಳಿ ನೋಡಿದ. "ನಿನ್ನ ಕೆಲಸ ಸ್ವಿಚ್ ಹಾಕೋದು" ಅಂದರು. ಅವರ ಹೆಸರು ನನಗೆ ಬೇಡ. ಇಂಥ ಮೀಟಿಂಗು ಅದೊಂದೇ ಕಟ್ಟಡದಲ್ಲಿ ನಡೆದಿದೆ ಅಂತ ನಾನು ನಂಬಲ್ಲ.

ನೊರೆ ಹೇಗೆ ಏಳುತ್ತದೆ ಅಂತಲೂ ಅವನೇ ಬಿಡಿಸಿ ಹೇಳಿದ. ಬಟ್ಟೆ ಪುಡಿಯಲ್ಲಿ, ಶಾಂಪೂವಿನಲ್ಲಿ, ಪಾತ್ರೆ ತೊಳೆಯುವ ಜೆಲ್‌ನಲ್ಲಿ ಜಿಡ್ಡು ಬಿಡಿಸುವ ರಾಸಾಯನಿಕ ಇರುತ್ತದಲ್ಲ, ಹುಳ ಅದನ್ನೂ ತಿನ್ನುತ್ತದೆ, ಆದರೆ ಗಾಳಿ ಬೇಕು, ಹೊತ್ತು ಬೇಕು. ತಿನ್ನದೆ ಉಳಿದದ್ದು ಕೆಸರಿಗೆ ಅಂಟಿಕೊಂಡು ಕೆರೆಯ ತಳದಲ್ಲಿ ಕೂರುತ್ತದೆ. ದೊಡ್ಡ ಮಳೆ ಬಂದರೆ ತಳ ಕಲಕಿ ಎಲ್ಲ ಒಟ್ಟಿಗೆ ಮೇಲೆ. ಆ ನೀರು ಕೋಡಿಯಲ್ಲೋ ಅಣೆಕಟ್ಟೆಯ ಬಾಗಿಲಲ್ಲೋ ಮೇಲಿಂದ ಕೆಳಗೆ ಬಿದ್ದಾಗ ಗಾಳಿ ಸೇರಿ ನೊರೆ. ಮಜ್ಜಿಗೆ ಎತ್ತಿ ಸುರಿದ ಹಾಗೆ. ಅದಕ್ಕೇ ನಿಮ್ಮ ವರ್ತೂರು ಕೋಡಿಯಲ್ಲಿ ಕಂಡದ್ದು, ನಡುವೆ ಎಲ್ಲೂ ಕಾಣದೆ, ನಮ್ಮ ಕೆಲವರಪಳ್ಳಿಯ ಬಾಗಿಲು ತೆರೆದಾಗ ಮತ್ತೆ ಎದ್ದು ನಿಲ್ಲುತ್ತದೆ.

ನೊರೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಫೋಟೋ ತೆಗೀತಾರೆ. ಕಾಣದ್ದು ಫಾಸ್ಫೇಟ್ ಮತ್ತು ಸಾರಜನಕ. ಎರಡೂ ಗೊಬ್ಬರವೇ. ಅಣೆಕಟ್ಟೆಯ ನೀರಿಗೆ ಅಷ್ಟು ಗೊಬ್ಬರ ಬಿದ್ದರೆ ಅಂತರಗಂಗೆ ಹಬ್ಬಿಕೊಳ್ಳುತ್ತದೆ, ಕೊಳೆಯುತ್ತದೆ, ನೀರಿನ ಆಮ್ಲಜನಕ ತಿಂದುಹಾಕುತ್ತದೆ. ಮೀನಿಗೆ ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಅನ್ನೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ನಮ್ಮಪ್ಪ ಗಾಳ ಹಾಕಿ ಹಿಡಿಯುತ್ತಿದ್ದ ಮೀನುಗಳ ಹೆಸರು ನನ್ನ ಮಕ್ಕಳಿಗೆ ಗೊತ್ತಿಲ್ಲ. ಈಗ ಸಿಗುವುದು ಜಿಲೇಬಿ ಮೀನು, ಆಫ್ರಿಕಾದ ಕ್ಯಾಟ್‌ಫಿಶ್. ಎರಡೂ ಕೊಳಕಿಗೆ ಹೆದರುವ ಜಾತಿಯಲ್ಲ.

ಇನ್ನು ರಸ್ತೆಯ ನೀರು. ಬೇಸಿಗೆಯೆಲ್ಲ ನಿಮ್ಮ ಹೊರವರ್ತುಲ ರಸ್ತೆಯ ಮೇಲೆ ಕೂತ ಎಣ್ಣೆ, ಟೈರಿನ ಪುಡಿ, ಬ್ರೇಕಿನ ಧೂಳು, ಗುಟ್ಕಾ ಪೊಟ್ಟಣ, ಕಟ್ಟಡದ ಸಿಮೆಂಟು, ಎಲ್ಲವೂ ಮೊದಲ ಮಳೆಗೆ ತೊಳೆದು ಕಾಲುವೆಗೆ ಇಳಿಯುತ್ತದೆ. ಅದಕ್ಕೆ ಎಸ್‌ಟಿಪಿಯೂ ಇಲ್ಲ, ಏನೂ ಇಲ್ಲ. ರಾಜಕಾಲುವೆ ಅಂದರೆ ಒಂದು ಕೆರೆಯ ಹೆಚ್ಚಾದ ಮಳೆನೀರನ್ನು ಮುಂದಿನ ಕೆರೆಗೆ ದಾಟಿಸುವ ದಾರಿ. ನೀವು ಅದನ್ನು ಮೋರಿ ಅಂತೀರಿ. ಈಗ ಹಾಗೆ ಕರೆಯೋದೇ ಸರಿ ಬಿಡಿ. (ಅಂದ ಹಾಗೆ, ಗಡಿಯಲ್ಲಿ ಹುಟ್ಟಿದವರಿಗೆ ಇನ್ನೊಂದು ಗೊಂದಲ. ಕನ್ನಡದಲ್ಲಿ ಏರಿ ಅಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ಬೆಂಗಳೂರಿನಲ್ಲಿ ಈಗ ಏರಿ ಮೇಲೆ ವಾಕಿಂಗ್ ಪಾತ್ ಇದೆ, ಒಳಗೆ ಮಾತ್ರ ಎರಡು ಭಾಷೆಯಲ್ಲಿ ಹುಡುಕಿದರೂ ಕೆರೆ ಕಡಿಮೆ.)

ತಪ್ಪೆಲ್ಲ ನಿಮ್ಮದೇ ಅಂದರೆ ನನ್ನ ನಾಲಿಗೆ ಸುಟ್ಟೀತು. ಹೊಸೂರು 2019ರಲ್ಲಿ ಮಹಾನಗರ ಪಾಲಿಕೆ ಆಯಿತು, ಚರಂಡಿ ಮಾತ್ರ ಹಳೇ ಊರಿನದ್ದೇ. ನಮ್ಮಲ್ಲೂ ಕಾರ್ಖಾನೆಗಳಿವೆ, ಮಳೆ ಬಂದ ರಾತ್ರಿ ಯಾರ ಪೈಪು ತೆರೆಯುತ್ತದೋ ದೇವರಿಗೇ ಗೊತ್ತು. ನಾನೂ ಕೋಸಿಗೆ ಯೂರಿಯಾ ಹಾಕುತ್ತೇನೆ, ಕೋಳಿ ಗೊಬ್ಬರ ಹಾಕುತ್ತೇನೆ, ಅದರಲ್ಲೂ ಒಂದಿಷ್ಟು ಹೊಳೆಗೇ ಹೋಗುತ್ತದೆ. ನಮ್ಮ ಕೆಳಗೆ ಕೃಷ್ಣಗಿರಿ ಅಣೆಕಟ್ಟೆ ಇದೆ, ಅದರ ಕೆಳಗೆ ಸಾತನೂರು. ಅಲ್ಲಿಯವರು ನಮಗೆ ಇಂಥದೇ ಪತ್ರ ಬರೆದರೆ ನಾನು ತಲೆ ತಗ್ಗಿಸಿ ಓದಬೇಕು.

ಈಗ ಒಂದು ಕಷ್ಟದ ಮಾತು. ನೊರೆ ವಿಷಯ ಎತ್ತಿದರೆ ನಮ್ಮೂರಲ್ಲೇ ಕೆಲವರು ನನ್ನ ಮೇಲೆ ಸಿಟ್ಟಾಗ್ತಾರೆ. ಯಾಕೆ ಗೊತ್ತಾ? ನಾನು ಚಿಕ್ಕವಳಿದ್ದಾಗ ಸಂಕ್ರಾಂತಿ ಕಳೆದರೆ ಹೊಳೆಯಲ್ಲಿ ಮರಳು ಮಾತ್ರ. ಚಿಲುಮೆ ತೋಡಿ ನೀರು ತರುತ್ತಿದ್ದೆವು. ಒಂದೇ ಬೆಳೆ. ಈಗ ಏಪ್ರಿಲ್‌ನಲ್ಲೂ ನೀರು. ಮಳೆ ಇಲ್ಲದಿದ್ದರೂ ನೀರು. ವರ್ಷಕ್ಕೆ ಮೂರು ಸಲ ಸೊಪ್ಪು ಕೊಯ್ಯುತ್ತೇವೆ. ಆ ನೀರು ನಿಮ್ಮದು, ನಿಮ್ಮ ಬಚ್ಚಲಿನದ್ದು. "ಅಕ್ಕ, ನೀನು ಜೋರಾಗಿ ಕೂಗಿ, ಅವರು ಪೈಪು ಹಾಕಿ ಬೇರೆ ಕಡೆ ತಿರುಗಿಸಿಬಿಟ್ರೆ ನಮ್ಮ ಹೊಟ್ಟೆಗೇನು?" ಅಂತ ಪಕ್ಕದ ಹೊಲದವನು ಕೇಳಿದ. ಉತ್ತರ ಹೇಳೋಕೆ ಆಗಲಿಲ್ಲ. ಹೆದರಿಕೆ ಸುಳ್ಳೂ ಅಲ್ಲ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿಯ, ಅಂದರೆ ಅದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಶುದ್ಧ ಮಾಡಿದ ಕೊಳಚೆ ನೀರು ಪೈಪಿನಲ್ಲಿ ಹೋಗುತ್ತಿದೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಮಾಡಿ ಕೊಡಿ ಅಂತ ಅಲ್ಲಿನ ರೈತರು ಕೇಳುತ್ತಿದ್ದಾರೆ. ಕೇಳಲಿ, ಅವರ ಹಕ್ಕು. ಅವರಿಗೆ ಕೇಳೋಕೆ ವಿಧಾನಸೌಧ ಇದೆ. ಕೋಲಾರಕ್ಕೆ ಹೋಗುವುದಕ್ಕೆ ಯೋಜನೆ ಅಂತ ಹೆಸರು, ನಮಗೆ ಬರುವುದಕ್ಕೆ ಹೆಸರಿಲ್ಲ. ಮಿಕ್ಕಿದ್ದು ಬರುತ್ತದೆ, ಅಷ್ಟೇ.

ಮಿಕ್ಕಿದ್ದು ಕಡಿಮೆಯೇನೂ ಆಗಲ್ಲ. ದಿನಕ್ಕೆ 145 ಕೋಟಿ ಲೀಟರ್ ಬರುತ್ತಿದ್ದ ಬೆಂಗಳೂರಿಗೆ 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಇನ್ನೂ 77.5 ಕೋಟಿ ಲೀಟರ್ ಸೇರಿತು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಬರುತ್ತದೆ ಅನ್ನೋದು ಇಂಜಿನಿಯರುಗಳ ಲೆಕ್ಕ. ಅದರಲ್ಲಿ ನಮ್ಮ ದಿಕ್ಕಿನ ಪಾಲು ಎಷ್ಟು ಅಂತ ನೀವೇ ಗುಣಿಸಿಕೊಳ್ಳಿ.

ಎರಡು ರಾಜ್ಯಗಳ ನಡುವೆ ಈ ಹೊಳೆಯ ಜಗಳ ಇದೆ. 1892ರಲ್ಲಿ ಮೈಸೂರು, ಮದರಾಸು ಮಾಡಿಕೊಂಡ ಒಪ್ಪಂದದ ತನಕ ಮಾತು ಹೋಗುತ್ತದೆ. ಇದೇ ಹೊಳೆಗೆ ಸೇರುವ ಮಾರ್ಕಂಡೇಯ ನದಿಗೆ ಯರಗೋಳ್ ಹತ್ತಿರ ಕರ್ನಾಟಕ ಕಟ್ಟುತ್ತಿದ್ದ ಅಣೆಕಟ್ಟಿನ ವಿಷಯಕ್ಕೆ 2018ರಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. ಎಷ್ಟು ನೀರು ಅನ್ನೋದು ದೊಡ್ಡ ಜಗಳ. ಎಂಥ ನೀರು ಅಂತ ಕೇಳಿದರೆ ಎರಡೂ ಕಡೆ ಕುರ್ಚಿಗಳು ಹಿಂದೆ ಸರಿಯುತ್ತವೆ. ಒಂದು ಸಲ ಬಾಟಲಿಯಲ್ಲಿ ನೊರೆ ತುಂಬಿಕೊಂಡು ನಮ್ಮ ಕಡೆಯ ಒಂದು ಆಫೀಸಿಗೆ ಹೋದೆ. "ಇದು ಅಲ್ಲಿಂದ ಬರೋದಮ್ಮ" ಅಂದರು. ಬಸ್ಸು ಹತ್ತಿ ಆ ಕಡೆಯ ಆಫೀಸಿಗೆ ಹೋದೆ. ಕನ್ನಡದಲ್ಲೇ ಅರ್ಜಿ ಬರೆದಿದ್ದೆ. ವಿಳಾಸ ನೋಡಿ, "ನೀವು ತಮಿಳುನಾಡಿನವರಲ್ವಾ, ಅಲ್ಲೇ ಕೊಡಿ" ಅಂದರು. ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಅಷ್ಟು ಹೊತ್ತಿಗೆ ನೊರೆಯೆಲ್ಲ ಇಳಿದು ತಳದಲ್ಲಿ ಎರಡು ಚಮಚ ಬೂದಿ ಬಣ್ಣದ ನೀರು. "ನೊರೆ ಎಲ್ಲಿ?" ಅಂದರು. ನನಗೇ ನಗು ಬಂತು.

ಹಾಗಾಗಿ ನಾನು ಸರ್ಕಾರಕ್ಕೆ ಒಂದೇ ಒಂದು ಕೇಳುತ್ತೇನೆ, ಉಳಿದದ್ದು ನಿಮ್ಮನ್ನು. ಗಡಿ ದಾಟುವ ಮೊದಲಿನ ಕೊನೇ ಸೇತುವೆಯ ಮೇಲೆ ಎರಡೂ ರಾಜ್ಯದವರು ಸೇರಿ ಒಂದು ಬೋರ್ಡು ಹಾಕಲಿ. ಇವತ್ತಿನ ಆಮ್ಲಜನಕ ಎಷ್ಟು, ಫಾಸ್ಫೇಟ್ ಎಷ್ಟು ಅಂತ ದಿನಾ ಬರೆಯಲಿ, ಕನ್ನಡದಲ್ಲಿ, ತಮಿಳಿನಲ್ಲಿ. ಆಗ ಬಾಟಲಿ ಹಿಡಿದು ನಾನು ಅಲೆಯಬೇಕಿಲ್ಲ.

ನೀವು ಮಾಡಬೇಕಾದ್ದು ಇನ್ನೂ ಚಿಕ್ಕದು. ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ಜಾಡಿ ತರಿಸಿ. ಜನರೇಟರ್ ಬಗ್ಗೆ, ನಾಯಿ ಬಗ್ಗೆ, ಪಾರ್ಕಿಂಗ್ ಬಗ್ಗೆ ಎರಡು ಗಂಟೆ ಮಾತಾಡ್ತೀರಂತೆ. ಮೀಟಿಂಗಿಗೆ ಮುಂಚೆ ಜಾಡಿ ತುಂಬಿಸಿ ಮೇಜಿನ ಮೇಲಿಟ್ಟರೆ ಅರ್ಧ ಗಂಟೆಯಲ್ಲಿ ಅದೇ ಉತ್ತರ ಹೇಳುತ್ತದೆ. ಕಪ್ಪಗಿದ್ದರೆ ಆಪರೇಟರನ್ನು ಬೈಯಬೇಡಿ, ರಾತ್ರಿ ಬ್ಲೋವರ್ ನಿಲ್ಲಿಸೋಕೆ ಹೇಳಿದ್ದು ಯಾರು ಅಂತ ಕೇಳಿ. ಸದ್ದು ಜಾಸ್ತಿ ಇದ್ದರೆ ಸದ್ದು ಕಡಿಮೆ ಮಾಡುವ ಡಬ್ಬ ಹಾಕಿಸಿ, ಗಾಳಿ ನಿಲ್ಲಿಸಬೇಡಿ. ನಿಮ್ಮ ಕಟ್ಟಡದ ಪೈಪು ಒಳಚರಂಡಿಗೆ ಸೇರಿದೆಯೋ ಮಳೆನೀರಿನ ಕಾಲುವೆಗೋ ಅಂತ ಒಮ್ಮೆ ನಡೆದು ನೋಡಿ. ಬಟ್ಟೆ ಪುಡಿ ಕೊಳ್ಳುವಾಗ ಫಾಸ್ಫೇಟ್ ಇಲ್ಲದ್ದು ಸಿಕ್ಕರೆ ಅದನ್ನು ತನ್ನಿ. ಸಿಗಲಿಲ್ಲವಾ, ಎರಡು ಚಮಚದ ಕಡೆ ಒಂದು ಹಾಕಿ. ನೊರೆ ಕಡಿಮೆ ಬಂದರೆ ಬಟ್ಟೆ ಕೊಳೆಯಾಗಿ ಉಳಿಯಲ್ಲ. ನಾನು ಕಲ್ಲಿನ ಮೇಲೆ ಒಗೆಯುವವಳು, ನನ್ನ ಮಾತು ನಂಬಿ.

ಒಮ್ಮೆ ಬಂದು ನೋಡಿ ಹೋಗಿ. ನಿಮ್ಮಲ್ಲಿ ದೊಡ್ಡ ಮಳೆ ಬಿದ್ದ ಮರುದಿನ ಬನ್ನಿ, ಏಳು ಗಂಟೆಯೊಳಗೆ ಬನ್ನಿ, ಬಿಸಿಲೇರಿದರೆ ನೊರೆ ಇಳಿದುಬಿಡುತ್ತದೆ. ಅತ್ತಿಬೆಲೆ ದಾಟಿ ಹೊಸೂರು, ಅಲ್ಲಿಂದ ಬಾಗಲೂರು ರಸ್ತೆ. ಹಳೇ ಚಪ್ಪಲಿ ಹಾಕಿಕೊಳ್ಳಿ. ಸೇತುವೆಯ ಮೇಲೆ ನೊರೆ ಇದ್ದರೆ ಗಾಡಿ ಈ ಕಡೆಯೇ ನಿಲ್ಲಿಸಿ, ನಮ್ಮ ಮೈದುನನ ಹಾಗೆ ನುಗ್ಗಬೇಡಿ. ಬರುವಾಗ ನಿಮ್ಮ ಎಸ್‌ಟಿಪಿಯ ನೀರು ಒಂದು ಬಾಟಲಿ ತನ್ನಿ, ಹೊಳೆ ನೀರಿನ ಪಕ್ಕ ಇಟ್ಟು ನೋಡೋಣ. ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋಗಿ. ನೀರು ಬೋರಿನದ್ದು, ಹೆದರಬೇಡಿ.

ಇಂತಿ,
ಕೆಲವರಪಳ್ಳಿ ಕಡೆಯ ಒಬ್ಬ ಸೊಪ್ಪು ಬೆಳೆಯುವವಳು,
ಹೊಸೂರು ತಾಲೂಕು